ಉಬ್ಬಸ ಬೇರೆ, ಏದುಸಿರು ಬೇರೆ

"ನಮ್ಮ ಅತ್ತೆಗೆ ಮೊದಲಿನಿಂದಲೂ ಉಬ್ಬಸ. ಮೊನ್ನೆ ಆಸ್ಪತ್ರೆಯಲ್ಲಿ ಹಾಗೆಂದಾಗ ಚೀಟಿ ಬರೆಯುವ ಹುಡುಗಿಗೆ ಅರ್ಥವೇ ಆಗಲಿಲ್ಲ. ಉಬ್ಬಸ, ದಮ್ಮು, ಗೂರಲು ಎಲ್ಲವೂ ಅಸ್ತಮಾನೇನಾ? ಮೆಟ್ರೊ ಸ್ಟೇಷನ್ ಮೆಟ್ಟಿಲು ಹತ್ತಿದವರಿಗೂ 'ಉಬ್ಬಸ ಬಂತು' ಎಂದು ಪೇಪರ್‌ನಲ್ಲಿ ಬರೆದಿದ್ದರು. ಅದು ಸರಿಯೇ? ಇನ್ನು ಮೇಲೆ ಅಸ್ತಮಾ ಅಂತಲೇ ಹೇಳಿ ಎಂದು ಅತ್ತೆಗೆ ಹೇಳಬೇಕಾ?"
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಖಂಡಿತ ಬೇಡ ಮೇಡಂ. ಅತ್ತೆಯವರು ಉಬ್ಬಸ ಅಂತಲೇ ಹೇಳಲಿ. ಅವರ ಮಾತಿನಲ್ಲಿ ತಪ್ಪೇನೂ ಇಲ್ಲ. ಚೀಟಿ ಬರೆಯುವ ಹುಡುಗಿಗೆ ಬೇಕಾದರೆ ಪಕ್ಕದಲ್ಲಿ ನಿಂತು ನೀವು 'ಅಸ್ತಮಾ' ಅನ್ನಿ, ಸಾಕು.

ಮೆಟ್ಟಿಲಿನ ವಿಷಯ ಮೊದಲು ನೋಡೋಣ. ಓಡಿದಾಗ, ಮೆಟ್ಟಿಲು ಹತ್ತಿದಾಗ ಬರುವುದು ಏದುಸಿರು. ಹಳ್ಳಿ ಕಡೆ ತೇಕುವುದು ಅಂತಲೂ ಹೇಳುತ್ತಾರೆ. ಎರಡು ನಿಮಿಷ ಕೂತು, ಒಂದು ಲೋಟ ನೀರು ಕುಡಿದರೆ ಅದು ತಾನಾಗಿ ಇಳಿಯುತ್ತದೆ. ಉಬ್ಬಸ ಹಾಗಲ್ಲ. ಸುಮ್ನೆ ಮಲಗಿದ್ದವರನ್ನೂ ಅದು ಎಬ್ಬಿಸಿ ಕೂರಿಸುತ್ತದೆ. 'ಏದುಬ್ಬಸ' ಎಂದು ಎರಡನ್ನೂ ಸೇರಿಸಿದ ಮಾತೂ ನಮ್ಮಲ್ಲಿದೆ ನಿಜ. ಆದರೂ ಮೆಟ್ಟಿಲು ಹತ್ತಿದವರ ಸುದ್ದಿಗೆ ಏದುಸಿರು ಅನ್ನುವುದೇ ಸರಿ ಅಂತ ನನಗನ್ನಿಸುತ್ತದೆ.

ಈ ವ್ಯತ್ಯಾಸ ಹೊಸದೇನಲ್ಲ. ಚರಕ ಸಂಹಿತೆಯಲ್ಲಿ ಶ್ವಾಸದ ಕಾಯಿಲೆಯನ್ನು ಐದು ಬಗೆ ಮಾಡಿದ್ದಾರೆ: ಮಹಾ, ಊರ್ಧ್ವ, ಛಿನ್ನ, ತಮಕ, ಕ್ಷುದ್ರ. ದಣಿವಿನಿಂದ ಬಂದು, ಜಾಸ್ತಿ ಕಾಡದೆ ಹೋಗುವುದು ಕ್ಷುದ್ರ ಶ್ವಾಸ. ಅಂದರೆ ನಮ್ಮ ಏದುಸಿರು. ತಮಕ ಶ್ವಾಸದ ವಿವರ ಓದಿದರೆ ನಿಮ್ಮ ಅತ್ತೆಯವರನ್ನೇ ನೋಡಿ ಬರೆದ ಹಾಗಿದೆ. ಗಂಟಲಲ್ಲಿ ಘುರ್ಘುರ ಸದ್ದು. ಕಫ ಹೊರಗೆ ಬಂದರೆ ಸ್ವಲ್ಪ ಹೊತ್ತು ಹಾಯ್ ಅನಿಸುತ್ತದೆ. ಮಲಗಿದರೆ ಸಂಕಟ, ಕೂತರೆ ಸುಖ. ಮೋಡ, ಮಳೆ, ತಣ್ಣನೆ ಗಾಳಿಗೆ ಜಾಸ್ತಿಯಾಗುತ್ತದೆ.

ಉಬ್ಬಸ ಬಂದವರನ್ನು ಹತ್ತಿರದಿಂದ ನೋಡಿದ್ದೀರಲ್ಲ. ಬೆಳಗಿನ ಜಾವ ಮಂಚದ ಅಂಚಿನಲ್ಲಿ ಕೂತು, ಎರಡು ಕೈಯನ್ನೂ ಮಂಡಿಗೆ ಊರಿ, ಭುಜ ಮೇಲೆತ್ತಿ ಉಸಿರಾಡುತ್ತಾರೆ. "ನೀರು..." ಅಂದು ನಿಲ್ಲಿಸಿ, ಒಂದು ಉಸಿರು ತೆಗೆದುಕೊಂಡು, ಆಮೇಲೆ "ಕೊಡು" ಅನ್ನುತ್ತಾರೆ. ಉಸಿರು ಒಳಗೆ ಹೋಗುತ್ತಿಲ್ಲ ಎಂದು ನಮಗನಿಸುತ್ತದೆ. ಆದರೆ ಹೆಚ್ಚಿನ ಕಷ್ಟ ಇರುವುದು ಉಸಿರು ಹೊರಗೆ ಬಿಡುವುದರಲ್ಲಿ. ಶ್ವಾಸನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಪದರ ಊದಿಕೊಳ್ಳುತ್ತದೆ, ಮೇಲಿಂದ ಕಫ ಬೇರೆ. ಕಿರಿದಾದ ಆ ದಾರಿಯಲ್ಲಿ ಗಾಳಿ ನುಗ್ಗುವಾಗ ಸುಯ್ಯೆಂದು ಸೀಟಿಯಂಥ ಸದ್ದು ಬರುತ್ತದೆ. ಹೊರಗೆ ಬರಬೇಕಾದ ಗಾಳಿ ಒಳಗೇ ಉಳಿದು ಎದೆ ಉಬ್ಬಿಕೊಂಡೇ ಇರುತ್ತದೆ. ಉಬ್ಬಸದಲ್ಲಿ 'ಉಬ್ಬು' ಕೇಳಿಸುತ್ತದೆ, ಅಲ್ವಾ? ಹಳಗನ್ನಡದಲ್ಲಿ ಈ ಪದಕ್ಕೆ ಕಷ್ಟ, ಸಂಕಟ ಎಂಬ ಅರ್ಥವೂ ಇತ್ತು. ತೆಲುಗಿನವರೂ ಈ ಕಾಯಿಲೆಗೆ ಉಬ್ಬಸಂ ಅಂತಲೇ ಹೇಳುತ್ತಾರೆ.

ದಮ್ಮು ಬಂದಿದ್ದು ಪಾರಸಿಯಿಂದ. ಅಲ್ಲಿ ದಮ್ ಅಂದರೆ ಉಸಿರು. ಕನ್ನಡಕ್ಕೆ ಬಂದ ಮೇಲೆ ಅದು ಕಾಯಿಲೆಯೂ ಆಯಿತು, ತಾಕತ್ತೂ ಆಯಿತು. "ದಮ್ ಇದ್ರೆ ಬಾ" ಅನ್ನುವುದೂ ಇದರಿಂದಲೇ. ಉತ್ತರ ಕರ್ನಾಟಕದ ಕಡೆಯವರು "ದಮ್ಮು ಹತ್ತೇತಿ" ಅಂದರೆ ಏದುಸಿರೂ ಇರಬಹುದು, ಉಬ್ಬಸವೂ ಇರಬಹುದು, ಕೇಳಿ ತಿಳಿದುಕೊಳ್ಳಬೇಕು. ಗೂರಲು ಅನ್ನುವುದು ಸದ್ದಿನಿಂದ ಬಂದ ಹೆಸರು. ಎದೆಯಲ್ಲಿ ಗೊರಗೊರ ಅನ್ನುತ್ತಾ ಕೆಮ್ಮು ಬಿಡದೆ ಕಾಡಿದರೆ ಹಿರಿಯರು ಗೂರಲು ಅನ್ನುತ್ತಾರೆ. ಬೀಡಿ ಸೇದಿ ಸೇದಿ, ಇಲ್ಲವೇ ಸೌದೆ ಒಲೆಯ ಹೊಗೆಯಲ್ಲಿ ಬೆಂದು ಶ್ವಾಸಕೋಶ ಹಾಳಾದವರಿಗೂ ಇದೇ ಹೆಸರು. ಹಾಗಾಗಿ ಗೂರಲೆಲ್ಲ ಅಸ್ತಮಾ ಅಲ್ಲ.

ನನಗೆ ಬೇಸರ ತರಿಸುವುದು 'ಉಸಿರಾಟದ ತೊಂದರೆ' ಎಂಬ ಮಾತು. ಈಗ ಎಲ್ಲದಕ್ಕೂ ಅದೊಂದೇ. ಸುದ್ದಿಯಲ್ಲಿ ಅದೇ, ಆಸ್ಪತ್ರೆಯ ಚೀಟಿಯಲ್ಲಿ ಅದೇ. ಕೇಳಿದವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. "ಬಿಡುವಾಗ ಸುಯ್ ಅನ್ನುತ್ತೆ", "ಎದೆ ಬಿಗಿಯುತ್ತೆ", "ಮಲಗಿದರೆ ಉಸಿರು ಕಟ್ಟುತ್ತೆ, ಎರಡು ದಿಂಬು ಬೇಕು", "ನಾಲ್ಕು ಹೆಜ್ಜೆಗೇ ಏದುಸಿರು". ಹೀಗೆ ಬಿಡಿಸಿ ಹೇಳಿದರೆ ಡಾಕ್ಟರಿಗೆ ಅರ್ಧ ಕೆಲಸ ಸುಲಭ. ದಿಂಬಿನ ಮಾತಂತೂ ಮರೆಯದೆ ಹೇಳಬೇಕು. ಮಲಗಿದರೆ ಉಸಿರು ಕಟ್ಟುವುದಕ್ಕೆ ಹೃದಯದ ದುರ್ಬಲತೆಯೂ ಕಾರಣ ಇರಬಹುದು. ಆಗ ಬೇಕಾದ ಔಷಧಿಯೇ ಬೇರೆ.

ಬೆಂಗಳೂರಿನಲ್ಲಂತೂ ಈ ಮಾತುಗಳು ದಿನಾ ಬೇಕಾಗುತ್ತವೆ. ಖಾಲಿ ಸೈಟಿನ ತುಂಬಾ ಕಾಂಗ್ರೆಸ್ ಗಿಡದ ಬಿಳಿ ಹೂವು, ಅಗೆದ ರಸ್ತೆಯ ದೂಳು, ದೀಪಾವಳಿಯ ಹೊಗೆ, ಅದರ ಹಿಂದೆಯೇ ಚಳಿ. ಅತ್ತೆಯವರಿಗೆ ಇವುಗಳಲ್ಲಿ ಯಾವುದರಿಂದ ಉಬ್ಬಸ ಏಳುತ್ತದೆ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಲ ಡಾಕ್ಟರಿಗೆ ತೋರಿಸಿ.

ಇನ್ಹೇಲರ್ ಅಭ್ಯಾಸವಾಗಿಬಿಡುತ್ತೆ ಎಂದು ಹೆದರಿ ಮಧ್ಯದಲ್ಲೇ ಬಿಡುವವರಿದ್ದಾರೆ. ಹಾಗೆ ಬಿಡಬಾರದು. ಔಷಧಿ ನೇರವಾಗಿ ಶ್ವಾಸನಾಳಕ್ಕೆ ಹೋಗುವುದರಿಂದ ಅದರಲ್ಲಿ ಮಾತ್ರೆಗಿಂತ ತುಂಬಾ ಕಡಿಮೆ ಪ್ರಮಾಣ ಸಾಕು. ಉಬ್ಬಸ ಎದ್ದಾಗ ಎಳೆದುಕೊಳ್ಳುವುದೇ ಬೇರೆ, ಏಳದಂತೆ ದಿನಾ ತೆಗೆದುಕೊಳ್ಳುವುದೇ ಬೇರೆ. ಯಾವುದು ಯಾವುದು ಎಂದು ಡಾಕ್ಟರ ಹತ್ತಿರ ಕೇಳಿ ಗುರುತು ಹಾಕಿಡಿ. ಇನ್ಹೇಲರ್ ಎಳೆದರೂ ಇಳಿಯದಿದ್ದರೆ, ಒಂದು ಪೂರ್ತಿ ಮಾತು ಆಡಲೂ ಆಗದಿದ್ದರೆ, ತುಟಿ ನೀಲಿಗಟ್ಟಿದರೆ, ಬೆಳಗಾಗಲಿ ಎಂದು ಕಾಯಬೇಡಿ. ಆಗಲೇ 108ಕ್ಕೆ ಫೋನ್ ಮಾಡಿ.

– ಸಂಪಾದಕ