ನಾಯಿಯ ಅಂಗಾಲು ಗಾಜು ಚುಚ್ಚಿ ಸೀಳಿದೆ, ಹತ್ತು ದಿನವಾದರೂ ಮಾಯುತ್ತಿಲ್ಲ. ಏನು ಮಾಡಲಿ?

ದಿನಾ ಅರಿಶಿನ ಹಚ್ಚಿ ಬಟ್ಟೆ ಕಟ್ಟುತ್ತಿದ್ದೀರಿ, ಎರಡು ದಿನ ಕೂಡಿಕೊಂಡಂತೆ ಕಂಡು ಮೂರನೇ ದಿನ ವಾಕಿಂಗ್ ಹೋಗಿ ಬಂದರೆ ಮತ್ತೆ ಬಿರಿದು ರಕ್ತ ಬರುತ್ತದೆ ಎಂದು ಬರೆದಿದ್ದೀರಿ. ಓದುತ್ತಿದ್ದಂತೆ ನಮ್ಮ ನಾಯಿ ಚಿನ್ನಿಯ ಕಾಲೇ ಕಣ್ಣಿಗೆ ಬಂತು. ಮನೆ ಪಕ್ಕದ ಖಾಲಿ ಸೈಟಿನಲ್ಲಿ ಯಾರೋ ಒಡೆದು ಬಿಸಾಕಿದ್ದ ಬಾಟಲಿ ತುಳಿದು ಅವಳ ಮುಂಗಾಲಿನ ದೊಡ್ಡ ಮೆತ್ತೆ ಅಡ್ಡಡ್ಡ ಸೀಳಿತ್ತು. ಮಾಯಲು ಆರು ವಾರ ಹಿಡಿಯಿತು. ಅದರಲ್ಲಿ ಮೊದಲ ಮೂರು ವಾರ, ಈಗ ನೀವು ಮಾಡುತ್ತಿರುವುದನ್ನೇ ನಾನೂ ಮಾಡುತ್ತಿದ್ದೆ.

ಹತ್ತು ದಿನ ಕಳೆದರೂ ಕುಂಟುವುದು ನಿಂತಿಲ್ಲ ಎಂದರೆ ಒಳಗೆ ಚೂರು ಉಳಿದಿರಬಹುದು. ಚಿನ್ನಿಯ ಕಾಲಿನಲ್ಲಿ ಅಕ್ಕಿಕಾಳಿನಷ್ಟು ಗಾಜು ಇತ್ತು, ಮೇಲೆ ಚರ್ಮ ಮುಚ್ಚಿಕೊಂಡು ಒಳಗೆ ಕೀವು ಕಟ್ಟಿತ್ತು. ಗಾಜು ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ಕಾಣುತ್ತದೆ, ಮುಳ್ಳು ಕಾಣುವುದಿಲ್ಲ. ಅದನ್ನು ಡಾಕ್ಟರೇ ಬಿಡಿಸಿ ನೋಡಬೇಕು. ಆದ್ದರಿಂದ ಮನೆಯ ಆರೈಕೆ ಬದಲಾಯಿಸುವ ಮೊದಲು ಒಮ್ಮೆ ಪಶುವೈದ್ಯರಿಗೆ ತೋರಿಸಿ. ಕೆಟ್ಟ ವಾಸನೆ, ಊತ, ಕೀವು, ಜ್ವರ, ಊಟ ಬಿಡುವುದು, ಇದರಲ್ಲಿ ಒಂದು ಕಂಡರೂ ನಾಳೆಗೆ ಇಡಬೇಡಿ.

ಅರಿಶಿನ ನಿಲ್ಲಿಸಿ. ನಮ್ಮಮ್ಮನೂ ಅದನ್ನೇ ಹಚ್ಚಿದ್ದು, ಪ್ರೀತಿಯಿಂದಲೇ. ಆದರೆ ಅಡುಗೆಮನೆಯ ಪುಡಿ ರಕ್ತದ ಜೊತೆ ಸೇರಿ ಗಟ್ಟಿ ಹೆಕ್ಕಳೆಯಾಗುತ್ತದೆ, ಅದರ ಕೆಳಗೆ ಏನಾಗುತ್ತಿದೆ ಎಂದು ಗೊತ್ತೇ ಆಗುವುದಿಲ್ಲ. ಡೆಟಾಲ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಕೂಡ ಬೇಡ. ಅವು ಹೊಸದಾಗಿ ಬೆಳೆಯುತ್ತಿರುವ ಮಾಂಸವನ್ನೇ ಸುಡುತ್ತವೆ. ಒಂದು ಲೀಟರ್ ನೀರು ಕುದಿಸಿ ಆರಿಸಿ ಒಂದೂವರೆ ಟೀ ಚಮಚ ಪುಡಿ ಉಪ್ಪು ಹಾಕಿ, ಸೂಜಿ ತೆಗೆದ ಸಿರಿಂಜಿನಿಂದ ಗಾಯದ ಮೇಲೆ ಹಾಯಿಸಿ. ಬೆಟಾಡಿನ್ ಬಳಸುವುದಾದರೆ ನೀರಿಗೆ ಬೆರೆಸಿ ತಿಳಿ ಚಹಾದ ಬಣ್ಣಕ್ಕೆ ತನ್ನಿ. ತೊಳೆದ ಮೇಲೆ ಬೆರಳ ಸಂದುಗಳನ್ನು ಒತ್ತಿ ಒತ್ತಿ ಒರೆಸಿ, ಅಲ್ಲಿ ತೇವ ಉಳಿದರೆ ಚರ್ಮ ಬೆಂದಂತಾಗಿ ಇನ್ನೊಂದು ಗಾಯ ಶುರುವಾಗುತ್ತದೆ.

ಈಗ ಮುಖ್ಯ ಸಂಗತಿ. ಬೆನ್ನಿನ ಮೇಲೋ ಹೊಟ್ಟೆಯ ಮೇಲೋ ಆದ ಗಾಯದಂತೆ ಅಲ್ಲ ಇದು. ನಾಯಿ ತನ್ನ ಮೈಭಾರವನ್ನೆಲ್ಲ ಹೊರುವುದು ಈ ಮೆತ್ತೆಗಳ ಮೇಲೆ. ಹೆಜ್ಜೆ ಊರಿದಾಗಲೆಲ್ಲ ಮೆತ್ತೆ ಅಗಲವಾಗುತ್ತದೆ, ಸೀಳಿನ ಎರಡು ಅಂಚು ದೂರ ಸರಿಯುತ್ತವೆ. ರಾತ್ರಿಯೆಲ್ಲ ಕೂಡಿಕೊಂಡದ್ದನ್ನು ಬೆಳಗಿನ ಒಂದು ಓಟ ಕಿತ್ತುಹಾಕುತ್ತದೆ. ಹೊಲಿಗೆ ಹಾಕಿದರೂ ಇದೇ ಕಾರಣಕ್ಕೆ ಬಿಚ್ಚಿಕೊಳ್ಳುವುದುಂಟು. ಯಾವ ಮುಲಾಮು ಹಚ್ಚಲಿ ಎಂದು ನಾನು ಮೂರು ವಾರ ಮೆಡಿಕಲ್ ಶಾಪಿಗೆ ಓಡಾಡಿದೆ. ಬೇಕಾಗಿದ್ದದ್ದು ಅವಳನ್ನು ನಡೆಸದೆ ಇರುವುದು ಮತ್ತು ಪಟ್ಟಿಯನ್ನು ಒಣಗಿಸಿ ಇಡುವುದು, ಅಷ್ಟೇ.

ಪಟ್ಟಿ ಕಟ್ಟುವುದನ್ನು ಡಾಕ್ಟರ ಹತ್ತಿರವೇ ಒಮ್ಮೆ ಕೈಯಾರೆ ಮಾಡಿ ಕಲಿಯಿರಿ. ನಾನು ಕಲಿತದ್ದು ಹೀಗೆ: ಗಾಯದ ಮೇಲೆ ಅಂಟಿಕೊಳ್ಳದ ಪ್ಯಾರಾಫಿನ್ ಗಾಜ್ (ಪ್ಯಾರಾಫಿನ್ ಸವರಿದ ಜಾಳು ಬಟ್ಟೆ), ಬೆರಳ ಸಂದುಗಳಲ್ಲೂ ಮೇಲಿನ ಸಣ್ಣ ಹೆಬ್ಬೆರಳಿನ ಹಿಂದೆಯೂ ತೆಳ್ಳಗೆ ಹತ್ತಿ, ಸುತ್ತಲೂ ಹತ್ತಿಯ ದಪ್ಪ ಪದರ, ಆಮೇಲೆ ಗಾಜ್ ಪಟ್ಟಿ, ಕೊನೆಗೆ ತನಗೆ ತಾನೇ ಅಂಟುವ ಬ್ಯಾಂಡೇಜ್. ಪಾದಕ್ಕೆ ಮಾತ್ರ ಸುತ್ತಿದರೆ ಅರ್ಧ ಗಂಟೆಯಲ್ಲಿ ಕಾಲುಚೀಲದಂತೆ ಜಾರಿ ಬೀಳುತ್ತದೆ, ಮಣಿಕಟ್ಟು ದಾಟಿ ಮೇಲಕ್ಕೆ ಸುತ್ತಬೇಕು. ಹೊರಪದರವನ್ನು ಎಳೆದು ಬಿಗಿಯಬೇಡಿ. ನಡುವಿನ ಎರಡು ಬೆರಳ ತುದಿ ಹೊರಗೆ ಕಾಣುವಂತೆ ಬಿಟ್ಟು ದಿನಕ್ಕೆ ಎರಡು ಮೂರು ಸಲ ನೋಡಿ, ಮುಟ್ಟಿ. ತಣ್ಣಗಿದ್ದರೆ, ಊದಿದ್ದರೆ, ಎರಡು ಉಗುರು ಒಂದಕ್ಕೊಂದು ದೂರವಾಗಿ ನಿಂತಿದ್ದರೆ ಬಿಗಿಯಾಗಿದೆ ಎಂದರ್ಥ, ಆಗಲೇ ಬಿಚ್ಚಿ. ಬಿಗಿ ಪಟ್ಟಿಯಿಂದ ರಕ್ತ ನಿಂತು ಪಾದವನ್ನೇ ಕಳೆದುಕೊಂಡ ನಾಯಿಗಳಿವೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಡಾಕ್ಟರು ಬೇರೆ ಹೇಳದಿದ್ದರೆ ದಿನಕ್ಕೊಮ್ಮೆ ಅಥವಾ ದಿನ ಬಿಟ್ಟು ದಿನ ಬದಲಾಯಿಸಿ, ಒದ್ದೆಯಾದರೆ ಹೊತ್ತು ನೋಡದೆ ಬದಲಾಯಿಸಿ.

ನಮ್ಮದು ಶಿವಮೊಗ್ಗ, ಆಗ ಮಳೆಗಾಲ. ಉಚ್ಚೆಗೆ ಅಂಗಳಕ್ಕೆ ಇಳಿದರೂ ಪಟ್ಟಿ ನೆನೆಯುತ್ತಿತ್ತು. ಕ್ಲಿನಿಕ್ಕಿನಲ್ಲಿ ಕೇಳಿ ಖಾಲಿ ಡ್ರಿಪ್ ಚೀಲ ತಂದೆ, ಒಂದು ಬದಿ ಕತ್ತರಿಸಿ ಪಾದಕ್ಕೆ ತೊಡಿಸಿ ಮೇಲೆ ಸಡಿಲವಾಗಿ ಕಟ್ಟಿದರೆ ಒಳ್ಳೆ ಬೂಟು. ಹಾಲಿನ ಕವರಿಗಿಂತ ದಪ್ಪ, ಜಾರುವುದೂ ಕಡಿಮೆ. ಒಳಗೆ ಬಂದ ತಕ್ಷಣ ತೆಗೆಯಿರಿ, ಇಲ್ಲದಿದ್ದರೆ ಅದರೊಳಗೇ ಬೆವರುತ್ತದೆ.

ಕನಿಷ್ಠ ಎರಡು ವಾರ ಬೆಲ್ಟ್ ಹಾಕಿ ಉಚ್ಚೆ ಕಕ್ಕಸಿಗೆ ಮಾತ್ರ ಕರೆದೊಯ್ಯಿರಿ. ಮೆಟ್ಟಿಲು, ಸೋಫಾ, ಬೆಕ್ಕಿನ ಹಿಂದೆ ಓಟ, ಯಾವುದೂ ಬೇಡ. ಚಿನ್ನಿ ನಮ್ಮ ಬೀದಿಯಲ್ಲೇ ಹುಟ್ಟಿದವಳು, ಕಟ್ಟಿಹಾಕಿದರೆ ಅಳುತ್ತಿದ್ದಳು. ಕೊನೆಗೆ ನಾನೇ ನಡುಮನೆಯಲ್ಲಿ ಚಾಪೆ ಹಾಸಿ ಅವಳ ಪಕ್ಕ ಮಲಗಿದೆ, ಆಮೇಲೆ ಸುಮ್ಮನಾದಳು.

ನೆಕ್ಕಲು ಬಿಡಬೇಡಿ. ನಾಯಿಯ ಜೊಲ್ಲೇ ಅದಕ್ಕೆ ಔಷಧಿ ಎನ್ನುವವರು ಬಹಳ ಜನ, ಆದರೆ ಆ ಒರಟು ನಾಲಿಗೆ ಹೊಸ ಚರ್ಮವನ್ನು ಕೀಳುತ್ತದೆ, ಗಾಯ ಸದಾ ಒದ್ದೆ ಇರುತ್ತದೆ. ಕೊರಳಿಗೆ ಪ್ಲಾಸ್ಟಿಕ್ ಕೋನ್ ಹಾಕಿ. ಎರಡು ದಿನ ಗೋಡೆಗೆಲ್ಲ ಬಡಿಯುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ. ಗಾಯ ತೆರೆದಿಟ್ಟರೆ ನೊಣ ಕೂತು ಹುಳ ಬೀಳುವ ಭಯವೂ ಇದೆ. ಬಿದ್ದರೆ ಸೀಮೆಎಣ್ಣೆ, ಫಿನಾಯಿಲ್ ಸುರಿಯಬೇಡಿ, ನೇರ ಆಸ್ಪತ್ರೆಗೆ ಹೋಗಿ.

ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್, ಬ್ರೂಫೆನ್, ಡೈಕ್ಲೋಫೆನಾಕ್ ಯಾವುದನ್ನೂ ಕೊಡಬೇಡಿ. ನಾಯಿಯ ಹೊಟ್ಟೆ, ಲಿವರ್, ಕಿಡ್ನಿ ಹಾಳಾಗುತ್ತವೆ. ನಾಯಿಗೆ ಆಗುವ ನೋವಿನ ಮಾತ್ರೆ ಬೇರೆ ಇದೆ, ತೂಕ ನೋಡಿ ಡಾಕ್ಟರೇ ಕೊಡುತ್ತಾರೆ. ಗಾಯ ಮುಟ್ಟುವಾಗ ನಾಯಿಯ ಬಾಯಿಗೆ ಮೃದುವಾದ ಪಟ್ಟಿ ಕಟ್ಟಿ, ನೋವಿನಲ್ಲಿ ಎಂಥ ಸಾಧು ನಾಯಿಯೂ ಕಚ್ಚುತ್ತದೆ. ಹಲ್ಲು ತಾಗಿದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಚುಚ್ಚುಮದ್ದಿಗೆ ಹೋಗಿ.

ಗಾಯ ಮುಚ್ಚಿದ ಮೇಲೆ ಅಲ್ಲಿ ನಸುಗೆಂಪು ತೆಳು ಚರ್ಮ ಕಾಣುತ್ತದೆ. ಅದು ಪೂರಾ ಮಾಯ್ದದ್ದಲ್ಲ, ನಾನು ಎರಡನೇ ಸಲ ಮೋಸಹೋದದ್ದು ಅಲ್ಲೇ. ಆ ಚರ್ಮ ದಪ್ಪಗಾಗುವವರೆಗೆ ಟಾರು ರಸ್ತೆ, ಜಲ್ಲಿ, ಬಿಸಿಲಿಗೆ ಕಾದ ಸಿಮೆಂಟು ಬೇಡ; ಮಣ್ಣು, ಹುಲ್ಲಿನ ಮೇಲೆ ಐದು ನಿಮಿಷದಿಂದ ಶುರುಮಾಡಿ, ಬಂದ ಮೇಲೆ ಕಾಲೆತ್ತಿ ನೋಡಿ. ಚಿನ್ನಿಯ ಮೆತ್ತೆಗೆ ಕಪ್ಪು ಬಣ್ಣ ಮರಳಲು ಇನ್ನೂ ಕೆಲವು ತಿಂಗಳು ಹಿಡಿಯಿತು, ನಡುವೆ ಒಂದು ಬಿಳಿ ಗೆರೆ ಈಗಲೂ ಇದೆ. ಡಾಕ್ಟರು ಒಳಗೆ ಚೂರು ಇದೆಯೋ ಇಲ್ಲವೋ ಏನು ಹೇಳಿದರು ಎಂದು ಇಲ್ಲಿ ತಿಳಿಸಿ, ಕಾಯುತ್ತಿರುತ್ತೇನೆ.