ಮೆಣಸಿನ ಕೇಸನ್ನು ಕಠ್ಮಂಡುವಿನಲ್ಲಿ ಹಾಕಬಹುದೇ?

ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರ ಪತ್ರದ ಸಾರ ಇಷ್ಟು: "ವಿಯೆಟ್ನಾಂ ಮೆಣಸು, ಸುಂಕದ ರಿಯಾಯಿತಿಗಾಗಿ, ಶ್ರೀಲಂಕಾದಲ್ಲೇ ಬೆಳೆದದ್ದು ಎಂಬ ಸರ್ಟಿಫಿಕೇಟ್ ಹೊತ್ತು ಬರುತ್ತದೆ, ನಮ್ಮ ಬೆಲೆ ಬೀಳುತ್ತದೆ. ಅದು ಒಪ್ಪಂದಕ್ಕೆ ವಿರುದ್ಧವಂತೆ. ದಕ್ಷಿಣ ಏಷ್ಯಾ ದೇಶಗಳ ಒಕ್ಕೂಟ ಸಾರ್ಕ್‌ನ ಕಚೇರಿ ಇರುವುದು ಕಠ್ಮಂಡುವಿನಲ್ಲಿ. ಅಲ್ಲಿ ನಾನೇ ಕೇಸ್ ಹಾಕಬಹುದೇ? ಯುರೋಪಿನ ವ್ಯಾಪಾರಿಗಳು ಹಾಕುತ್ತಾರಲ್ಲ! ಆಸಿಯಾನ್ (ಆಗ್ನೇಯ ಏಷ್ಯಾ ದೇಶಗಳ ಒಕ್ಕೂಟ), ಸಾಫ್ಟಾ (ಸಾರ್ಕ್ ದೇಶಗಳ ಮುಕ್ತ ವ್ಯಾಪಾರ ಒಪ್ಪಂದ) ಎಲ್ಲವೂ ಯುರೋಪಿನ ದಾರಿ ಹಿಡಿದಿವೆ ಎಂದು ಹೋದ ತಿಂಗಳು ಬರೆದವರು ನೀವೇ ಅಲ್ವಾ?"

ಮಾನ್ಯರೇ,

ಹಾಕಲಾಗದು. ಕಠ್ಮಂಡುವಿನಲ್ಲಿ ಇರುವುದು ಸಾರ್ಕ್‌ನ ಕಾರ್ಯಾಲಯ, ಕೋರ್ಟ್ ಅಲ್ಲ. ಇನ್ನು ಹೋದ ತಿಂಗಳ ಆ ವಾಕ್ಯ ನನ್ನದೇ, ಅದು ತಪ್ಪು. ಒಪ್ಪಂದಗಳ ಮಾತು ಒಂದೇ ಥರ ಇದ್ದದ್ದು ನೋಡಿ ಮೋಸಹೋದೆ. ಸುಂಕ ಇಳಿಸುತ್ತೇವೆ, ತಡೆ ತೆಗೆಯುತ್ತೇವೆ ಅಂತ ಎಲ್ಲರೂ ಬರೆದುಕೊಳ್ಳುತ್ತಾರೆ. ಕೊಟ್ಟ ಮಾತು ತಪ್ಪಿದಾಗ ಯಾರು ಯಾರ ಬಾಗಿಲು ತಟ್ಟಬಹುದು ಎಂಬುದನ್ನು ನಾನು ನೋಡಲೇ ಇಲ್ಲ.

ಯುರೋಪಿನಲ್ಲೂ ಆ ಬಾಗಿಲು ಮೊದಲಿನಿಂದ ತೆರೆದಿರಲಿಲ್ಲ. ಅದನ್ನು ತೆರೆಸಿದ್ದು ಒಂದು ಅಂಟಿನ ಕಥೆ. 1960ರಲ್ಲಿ ವಾನ್ ಖೆಂಡ್ ಎನ್ ಲೋಸ್ ಎಂಬ ಡಚ್ ಸಾಗಣೆ ಕಂಪನಿ ಪಶ್ಚಿಮ ಜರ್ಮನಿಯಿಂದ ಯೂರಿಯಾ ಫಾರ್ಮಾಲ್ಡಿಹೈಡ್ ತರಿಸಿತು. ಪ್ಲೈವುಡ್ ಅಂಟಿಗೆ ಬಳಸುತ್ತಾರಲ್ಲ, ಅದೇ. ಮೊದಲು ಇದ್ದ ಸುಂಕ ಶೇ 3. ಡಚ್ಚರು ಸರಕಿನ ಪಟ್ಟಿ ಬದಲಿಸಿ, ಇದನ್ನು ಬೇರೆ ಸಾಲಿಗೆ ಸೇರಿಸಿದ್ದರಿಂದ ಅದು ಶೇ 8 ಆಯಿತು. ಈ ಎರಡೂ ದೇಶ ಸೇರಿ ಯುರೋಪಿನ ಆರು ದೇಶಗಳು ಸಹಿ ಹಾಕಿದ್ದ 1957ರ ರೋಮ್ ಒಪ್ಪಂದವೋ, ತಮ್ಮ ತಮ್ಮೊಳಗೆ ಸುಂಕ ಏರಿಸಬಾರದು ಎಂದಿತ್ತು. ಕಂಪನಿ ತಮ್ಮ ದೇಶದ ಸುಂಕ ನ್ಯಾಯಮಂಡಳಿಗೇ ಹೋಯಿತು. ಆ ಮಂಡಳಿ ಲಕ್ಸೆಂಬರ್ಗ್‌ನಲ್ಲಿರುವ ಯುರೋಪಿಯನ್ ಸಮುದಾಯದ (ಈಗಿನ ಯುರೋಪಿಯನ್ ಒಕ್ಕೂಟದ) ಕೋರ್ಟಿಗೆ ಒಂದು ಪ್ರಶ್ನೆ ಬರೆದು ಕೇಳಿತು: ಈ ಒಪ್ಪಂದವನ್ನು ಹಿಡಿದು ಒಂದು ಕಂಪನಿ ನಮ್ಮ ಮುಂದೆ ಹಕ್ಕು ಕೇಳಬಹುದೇ? ಅದು ಸರ್ಕಾರಗಳ ನಡುವಿನ ವಿಷಯ, ಕಂಪನಿಗೇನು ಕೆಲಸ ಎಂದು ಡಚ್ ಸರ್ಕಾರ ವಾದಿಸಿತು. ಒಪ್ಪಂದದಲ್ಲಿ ಎಲ್ಲೂ ಹಾಗೆ ಹಕ್ಕು ಕೊಟ್ಟು ಬರೆದಿರಲಿಲ್ಲ, ನಿಜ. ಆದರೂ 1963ರ ಫೆಬ್ರವರಿಯಲ್ಲಿ ಕೋರ್ಟು ಕೇಳಬಹುದು ಎಂದಿತು. ಮರುವರ್ಷ ಇಟಲಿಯವರೊಬ್ಬರ ಸಣ್ಣ ಕರೆಂಟ್ ಬಿಲ್ಲಿನ ಕೇಸಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದೇಶದ ಕಾನೂನು ಅಡ್ಡ ಬಂದರೆ ಸಮುದಾಯದ ಕಾನೂನೇ ಮೇಲು ಎಂದಿತು.

ಇದು ಶ್ರೀಮಂತ ದೇಶಗಳ ಸೊಗಸು ಅಂದುಕೊಳ್ಳಬೇಡಿ. ಕೆರಿಬಿಯನ್ ದೇಶಗಳ ಒಕ್ಕೂಟವನ್ನು ನೋಡಿ. 2011ರಲ್ಲಿ ಶಾನಿಕ್ ಮೈರಿ ಎಂಬ ಜಮೈಕಾದ ಯುವತಿ ಬಾರ್ಬಡೋಸ್ ವಿಮಾನ ನಿಲ್ದಾಣದಲ್ಲಿ ಇಳಿದಳು. ಅಧಿಕಾರಿಗಳು ಒಳಗೆ ಬಿಡಲಿಲ್ಲ. ರಾತ್ರಿಯಿಡೀ ಕೂಡಿಹಾಕಿ ಮರುದಿನ ವಾಪಸ್ ಕಳಿಸಿದರು. ಸದಸ್ಯ ದೇಶಗಳ ಜನ ಪರಸ್ಪರ ಆರು ತಿಂಗಳು ಹೋಗಿ ಇರಬಹುದು ಎಂದು ಆ ದೇಶಗಳ ನಾಯಕರು 2007ರಲ್ಲೇ ತೀರ್ಮಾನಿಸಿದ್ದರು. ಅದನ್ನು ನಾವಿನ್ನೂ ನಮ್ಮ ಕಾನೂನಿಗೆ ಸೇರಿಸಿಲ್ಲ ಎಂಬುದು ಬಾರ್ಬಡೋಸ್ ವಾದ. ಕೆರಿಬಿಯನ್ ನ್ಯಾಯಾಲಯ 2013ರಲ್ಲಿ ಆ ವಾದ ತಳ್ಳಿಹಾಕಿ, ಆಕೆಗೆ 75,000 ಬಾರ್ಬಡೋಸ್ ಡಾಲರ್ ಪರಿಹಾರ ಕೊಡಿಸಿತು. ಒಬ್ಬ ಹುಡುಗಿ, ಒಂದು ಸರ್ಕಾರ. ಈ ಕೇಸು ನನಗೆ ಅಂಟಿನ ಕೇಸಿಗಿಂತ ಜಾಸ್ತಿ ಇಷ್ಟ.

ಆಸಿಯಾನ್‌ನಲ್ಲಿ ಇಂಥದ್ದು ನಡೆಯದು. ಅಲ್ಲಿ ಸರಕಿನ ವ್ಯಾಪಾರದ ಕೇಸು ಹಾಕಬಹುದಾದ್ದು ಸರ್ಕಾರಗಳು ಮಾತ್ರ. ಅವೂ ಮನೆಯೊಳಗೆ ಜಗಳ ಆಡುವುದಿಲ್ಲ, ಹೊರಗೆ ಹೋಗುತ್ತವೆ. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ಬಂದ ಮೊಟ್ಟಮೊದಲ ದೂರೇ ಮಲೇಷ್ಯಾ ವಿರುದ್ಧ ಸಿಂಗಪುರದ್ದು, ಪ್ಲಾಸ್ಟಿಕ್ ಕಚ್ಚಾ ಮಾಲಿನ ಬಗ್ಗೆ. ಆಮೇಲೆ ಸಿಗರೇಟಿನ ವಿಷಯದಲ್ಲಿ ಫಿಲಿಪ್ಪೀನ್ಸ್ ಥಾಯ್ಲೆಂಡನ್ನು ಅಲ್ಲಿಗೇ ಎಳೆಯಿತು.

ನಮ್ಮ ಸಾಫ್ಟಾ ಇನ್ನೂ ಮೆತ್ತಗೆ. 2004ರಲ್ಲಿ ಇಸ್ಲಾಮಾಬಾದಿನಲ್ಲಿ ಸಹಿ, 2006ರಿಂದ ಜಾರಿ. ತಕರಾರು ಬಂದರೆ ಮೊದಲು ಸರ್ಕಾರಗಳು ಮಾತಾಡಬೇಕು. ಆಗದಿದ್ದರೆ ತಜ್ಞರ ಸಮಿತಿ, ಅದೂ ಒಪ್ಪಿಗೆಯಾಗದಿದ್ದರೆ ಮಂತ್ರಿಗಳ ಮಂಡಳಿ. ನ್ಯಾಯಾಧೀಶರು ಎಲ್ಲೂ ಇಲ್ಲ. ಶ್ರೀಲಂಕಾದ ಜೊತೆ 2000ದಿಂದ ನಡೆಯುತ್ತಿರುವ ಪ್ರತ್ಯೇಕ ಒಪ್ಪಂದದಲ್ಲೂ ಸರ್ಕಾರದ ಮೇಲೆ ಕೇಸು ಹಾಕಲು ನಿಮ್ಮ ನನ್ನಂಥವರಿಗೆ ಜಾಗವಿಲ್ಲ. ಬೆಂಗಳೂರಿನ ಹೈಕೋರ್ಟಿಗೆ ಹೋದರೂ ಕತೆ ಅಷ್ಟೇ. ಸಂಸತ್ತು ಕಾನೂನು ಮಾಡದೆ ಒಪ್ಪಂದವೊಂದರಿಂದಲೇ ನಮ್ಮ ಕೋರ್ಟಿನಲ್ಲಿ ಹಕ್ಕು ಹುಟ್ಟುವುದಿಲ್ಲ. ಸುಂಕದ ರಿಯಾಯಿತಿ ಬರುವುದು ಕಸ್ಟಮ್ಸ್ ಅಧಿಸೂಚನೆಯ ರೂಪದಲ್ಲಿ. ಅದನ್ನು ಹಿಡಿದು ಆಮದುದಾರ ಜಗಳ ಆಡಬಲ್ಲ, ಬೆಳೆಗಾರ ಹೊರಗೇ ನಿಲ್ಲಬೇಕು.

ಹಾಗಂತ ಕೋರ್ಟ್ ಇದ್ದರೆ ಸಾಕು ಎಂದೂ ಅಲ್ಲ. ಆಫ್ರಿಕಾದ ದಕ್ಷಿಣ ಭಾಗದ ದೇಶಗಳ ಒಕ್ಕೂಟಕ್ಕೆ ನಮೀಬಿಯಾದ ವಿಂಡ್‌ಹೂಕ್‌ನಲ್ಲಿ ನ್ಯಾಯಮಂಡಳಿ ಇತ್ತು. 2008ರಲ್ಲಿ ಅದು ಜಮೀನು ಕಳೆದುಕೊಂಡ ರೈತರ ಪರ, ಜಿಂಬಾಬ್ವೆ ವಿರುದ್ಧ ತೀರ್ಪು ಕೊಟ್ಟಿತು. ಜಿಂಬಾಬ್ವೆ ಒಪ್ಪಲಿಲ್ಲ. 2010ರಲ್ಲಿ ಒಕ್ಕೂಟದ ನಾಯಕರು ನ್ಯಾಯಮಂಡಳಿಯ ಕೆಲಸವನ್ನೇ ನಿಲ್ಲಿಸಿಬಿಟ್ಟರು!

ಇನ್ನು ನಿಮ್ಮ ಮೆಣಸು. ಬೆಳೆಗಾರರ ಕೂಗಿಗೆ ಉತ್ತರ ಬಂದದ್ದು ಒಪ್ಪಂದದಿಂದಲ್ಲ, ದೆಹಲಿಯಿಂದ. 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಬಂತು. 2020ರ ಸೆಪ್ಟೆಂಬರಿನಿಂದ ಸುಂಕದ ರಿಯಾಯಿತಿಗೆ ಬರೀ ಸರ್ಟಿಫಿಕೇಟ್ ಸಾಲದು. ಸರಕು ಅಲ್ಲಿಯದೇ ಎನ್ನಲು ಬೇಕಾದ ವಿವರ ಆಮದುದಾರನ ಕೈಯಲ್ಲಿರಬೇಕು. ಅನುಮಾನ ಬಂದರೆ ಕಸ್ಟಮ್ಸ್‌ನವರು ಸರ್ಟಿಫಿಕೇಟ್ ಕೊಟ್ಟ ದೇಶವನ್ನೇ ಕೇಳಬಹುದು. ಆದ್ದರಿಂದ ಯಾವ ಬಂದರು, ಯಾವ ತಿಂಗಳು, ಯಾವ ಲೋಡು ಎಂಬ ಖಚಿತ ಮಾಹಿತಿ ನಿಮ್ಮಲ್ಲಿದ್ದರೆ ಕಸ್ಟಮ್ಸ್‌ಗೆ ಬರೆಯಿರಿ. ಒಬ್ಬರೇ ಬರೆಯಬೇಡಿ, ಬೆಳೆಗಾರರ ಸಂಘದ ಲೆಟರ್‌ಹೆಡ್‌ನಲ್ಲಿ ಬರೆಯಿರಿ. ಕಠ್ಮಂಡುವಿಗೆ ಹೋಗುವುದಾದರೆ ಸುಮ್ನೆ ಊರು ನೋಡಲು ಹೋಗಿ ಬನ್ನಿ.

— ಸಂಪಾದಕ