ಗೋವಾದ ವಾಸ್ಕೋ ಪಟ್ಟಣದ ಮರ್ಮಗೋವಾ ಕೊಲ್ಲಿಯಲ್ಲಿ ನಿಜಕ್ಕೂ ಹಡಗುಗಳ ಯುದ್ಧ ನಡೆದಿತ್ತಾ?

ಹೌದು, ಅದೂ ಒಂದಲ್ಲ. ಹುಬ್ಬಳ್ಳಿ ಕಡೆಯಿಂದ ಬಂದು ವಾಸ್ಕೋದಲ್ಲಿ ನೆಲೆಸಿದ ನಾವು ದಿನಾ ನೋಡುವ ನೀರೇ ಅದು.

1510ರಲ್ಲಿ ಪೋರ್ಚುಗೀಸ್ ಸೇನಾಪತಿ ಅಲ್ಬುಕರ್ಕ್ ಬಿಜಾಪುರದ ಆದಿಲ್ ಶಾಹಿಗಳಿಂದ ಗೋವಾ ಕಿತ್ತುಕೊಂಡ. ಅವನಿಗೆ ದಾರಿ ತೋರಿಸಿ, ಹಡಗು ಕೊಟ್ಟು ನೆರವಾದವನು ಹೊನ್ನಾವರದ ತಿಮ್ಮಯ್ಯ. ಈ ಹೆಸರು ನಮ್ಮವರಿಗೇ ಜಾಸ್ತಿ ಗೊತ್ತಿಲ್ಲ ಅನ್ನೋದು ಬೇಸರದ ಮಾತು.

ಎರಡನೇ ಮಹಾಯುದ್ಧದಲ್ಲಿ ಪೋರ್ಚುಗಲ್ ಯಾವ ಪಕ್ಷಕ್ಕೂ ಸೇರಿರಲಿಲ್ಲ. ಹಾಗಾಗಿ ಮೂರು ಜರ್ಮನ್ ಹಡಗುಗಳು, ಒಂದು ಇಟಲಿಯ ಹಡಗು ಇಲ್ಲಿ ಆಶ್ರಯ ಪಡೆದಿದ್ದವು. ಅವುಗಳಲ್ಲಿ ‘ಎರೆನ್‌ಫೆಲ್ಸ್’ ಗುಟ್ಟಾಗಿ ರೇಡಿಯೋ ಮೂಲಕ ಜಲಾಂತರ್ಗಾಮಿಗಳಿಗೆ ಸುದ್ದಿ ಕಳಿಸುತ್ತಿದೆ ಎಂದು ಬ್ರಿಟಿಷರು ನಂಬಿದ್ದರು. 1943ರ ಮಾರ್ಚ್‌ನಲ್ಲಿ ಕಲ್ಕತ್ತಾದ ಹವ್ಯಾಸಿ ಕುದುರೆ ದಳದವರು, ಹೆಚ್ಚಿನವರು ನಡುವಯಸ್ಸು ದಾಟಿದವರು, ಕೊಚ್ಚಿಯಿಂದ ಒಂದು ಹಳೇ ದೋಣಿಯಲ್ಲಿ ಬಂದು ರಾತ್ರೋರಾತ್ರಿ ಅದರ ಮೇಲೆ ದಾಳಿ ಮಾಡಿದರು. ಎರೆನ್‌ಫೆಲ್ಸ್ ಮುಳುಗಿತು. ಉಳಿದ ಮೂರನ್ನೂ ಅವುಗಳ ಸಿಬ್ಬಂದಿಯೇ ಬೆಂಕಿ ಹಚ್ಚಿ ಮುಳುಗಿಸಿದರು. ಈ ವಿಷಯ ದಶಕಗಳ ಕಾಲ ಗುಟ್ಟಾಗಿತ್ತು.

ಕೊನೆಯ ಕಾಳಗ 1961ರ ಡಿಸೆಂಬರ್ 18ರಂದು. ಕೊಲ್ಲಿಯಲ್ಲಿದ್ದ ಪೋರ್ಚುಗೀಸ್ ಯುದ್ಧನೌಕೆ ‘ಅಫೊನ್ಸೊ ದೆ ಅಲ್ಬುಕರ್ಕ್’ ಅನ್ನು ಭಾರತದ ಬೇತ್ವಾ ಮತ್ತು ಬಿಯಾಸ್ ಎದುರಿಸಿದವು. ಏಟು ತಿಂದ ಹಡಗನ್ನು ಬಾಂಬೋಳಿಯ ದಡಕ್ಕೆ ಹತ್ತಿಸಿದರು. ಮರುದಿನ ಸಂಜೆ ಪೋರ್ಚುಗೀಸರು ಶರಣಾದರು.